ಅವರು ಎಲ್ಲಿ ತಿರುಗಲಿಲ್ಲ

ಎರಡು ವರ್ಷದ ಹಿಂದೆ, ಜುಲೈ ಕೊನೆಯ ಒಂದು ಶನಿವಾರ ಸಂಜೆ, ನಾನು ಜರ್ಮನಿಯ ಆಲೆನ್ ಊರಿನ ದಕ್ಷಿಣಕ್ಕೆ ಒಂದು ಕೂಳೆ ಹೊಲದಲ್ಲಿ ಗ್ಲೈಡರ್ ಪಕ್ಕ ಕೂತಿದ್ದೆ. ಜವೆಗೋಧಿ ಕೊಯ್ದು ಎರಡು ದಿನ ಆಗಿತ್ತಂತೆ. ಹೊಲದ ಯಜಮಾನರು ಟ್ರ್ಯಾಕ್ಟರ್‌ನಲ್ಲಿ ಬಂದು ಮೊದಲು ಏಟೇನಾದರೂ ಆಯಿತಾ ಅಂತ ಕೇಳಿದರು. ಆಮೇಲೆ ಕುಡಿಯಲು ನೀರು ಕೊಟ್ಟರು. ನನಗೂ ಗ್ಲೈಡರ್‌ಗೂ ಏನೂ ಆಗಿರಲಿಲ್ಲ. ಟ್ರೇಲರ್ ತೆಗೆದುಕೊಂಡು ಕ್ಲಬ್ಬಿನ ಇಬ್ಬರು ಹೊರಟಿದ್ದರು.

ಗ್ಲೈಡರ್‌ಗೆ ಎಂಜಿನ್ ಇಲ್ಲ. ಗಾಳಿ ಮೇಲೆತ್ತದಿದ್ದರೆ ಇಳಿಯಲೇಬೇಕು. ಹಾಗಾಗಿ ಹೊಲದಲ್ಲಿ ಇಳಿಯೋದು ಅಪಘಾತ ಅಲ್ಲ, ಅದಕ್ಕೂ ತರಬೇತಿ ಇರುತ್ತದೆ. ನನ್ನನ್ನ ಕಾಡಿದ್ದು ಬೇರೆ ವಿಷಯ. ನಾನು 300 ಕಿ.ಮೀ. ಸುತ್ತು ಮುಗಿಸಬೇಕು ಅಂತ ಹೊರಟು ಸುಮಾರು 200ಕ್ಕೆ ನೆಲ ಮುಟ್ಟಿದ್ದೆ. ಅದೇ ದಿನ, ಅದೇ ದಾರಿಯಲ್ಲಿ, ನನ್ನದೇ ಮಾದರಿಯ ಎಲ್‌ಎಸ್4 ಗ್ಲೈಡರ್‌ನಲ್ಲಿ, ನನಗಿಂತ ಬರೀ ಹತ್ತು ನಿಮಿಷ ಮುಂಚೆ ಹೊರಟಿದ್ದ ಇನ್ನೊಂದು ಕ್ಲಬ್ಬಿನ ಪೈಲಟ್ ಒಬ್ಬರು ಪೂರ್ತಿ ಸುತ್ತು ಮುಗಿಸಿ ಮನೆ ಸೇರಿದ್ದರು. ಆಕಾಶ ಒಂದೇ, ವಿಮಾನ ಒಂದೇ. ಹಾಗಾದರೆ ಅವರು ಮಾಡಿದ್ದೇನು, ನಾನು ಮಾಡದೆ ಇದ್ದದ್ದೇನು?

ಆ ರಾತ್ರಿ ಮನೆಗೆ ಬಂದಾಗ ಒಂದು ಗಂಟೆ. ನಿದ್ದೆ ಬರಲಿಲ್ಲ. ಅವರ ಲಾಗ್ ಫೈಲ್ ಇಳಿಸಿಕೊಂಡೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಾನು ಚಿತ್ರದುರ್ಗದವನು. ಕೋಟೆಯ ಬಂಡೆಗಳ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಚುಕ್ಕಿಯಾಗೋ ತನಕ ಮೇಲೇರೋದನ್ನ ನೋಡಿಕೊಂಡೇ ಬೆಳೆದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಏಳುತ್ತದೆ, ಹದ್ದು ಅದರೊಳಗೆ ಸುತ್ತುತ್ತದೆ. ಅದೇ ಥರ್ಮಲ್. ಗ್ಲೈಡರ್ ಮಾಡೋದೂ ಅದನ್ನೇ. ಥರ್ಮಲ್‌ನಲ್ಲಿ ಸುತ್ತಿ ಎತ್ತರ ಗಳಿಸು, ಆ ಎತ್ತರವನ್ನ ಖರ್ಚು ಮಾಡುತ್ತಾ ನೇರವಾಗಿ ಮುಂದಕ್ಕೆ ಜಾರು, ಮತ್ತೆ ಸುತ್ತು. ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಇದು ಶ್ರೀಮಂತರ ಆಟ ಅಲ್ಲ, ಊರೂರಿನಲ್ಲಿ ಕ್ಲಬ್ ಇದೆ, ಹದಿನಾಲ್ಕು ವರ್ಷದ ಮಕ್ಕಳೂ ಕಲಿಯುತ್ತಾರೆ, ವಾರಾಂತ್ಯಕ್ಕೆ ಹೋಗಿ ಗ್ಲೈಡರ್ ಅನ್ನ ಹಗ್ಗದಿಂದ ಎಳೆದು ಮೇಲೇರಿಸೋ ವಿಂಚ್ ನಡೆಸಲು, ಹ್ಯಾಂಗರ್ ಗುಡಿಸಲು ಕೈ ಜೋಡಿಸಿದರೆ ಉಳಿದದ್ದನ್ನ ಅವರು ಕಲಿಸುತ್ತಾರೆ ಅಂತ. ಲೈಸೆನ್ಸ್ ಆಯಿತು. 50 ಕಿ.ಮೀ. ಹಾರಾಟ, ಐದು ಗಂಟೆ ಗಾಳಿಯಲ್ಲಿರೋದು, 1,000 ಮೀಟರ್ ಮೇಲೇರೋದು, ಈ ಮೂರೂ ಸೇರಿದ ಬೆಳ್ಳಿ ಬ್ಯಾಡ್ಜ್ ಕೂಡ ಆಯಿತು. ಮುಂದಿನ ಮೆಟ್ಟಿಲು 300.

ನಮ್ಮ ಕ್ಲಬ್ ಇರೋದು ಶ್ವೇಬಿಷ್ ಆಲ್ಬ್ ಅನ್ನೋ ಬೆಟ್ಟಸಾಲಿನ ಅಂಚಿನಲ್ಲಿ, ಟೆಕ್ ಕೋಟೆಯಿಂದ ಹೆಚ್ಚು ದೂರ ಇಲ್ಲ. ಈ ಆಲ್ಬ್ ನೈಋತ್ಯದಿಂದ ಈಶಾನ್ಯಕ್ಕೆ ಉದ್ದಕ್ಕೆ ಮಲಗಿದೆ. ಸುಣ್ಣದ ಕಲ್ಲಿನ ಎತ್ತರದ ಬಯಲು, ಮಳೆ ನೀರು ನಿಲ್ಲೋದಿಲ್ಲ, ಒಳಗೆ ಇಳಿದುಹೋಗುತ್ತದೆ. ನೆಲ ಬೇಗ ಒಣಗಿ ಬೇಗ ಕಾಯುತ್ತದೆ. ಕೆಳಗೆ ನೆಕ್ಕರ್ ನದಿಯ ಕಣಿವೆ ಇನ್ನೂ ತಣ್ಣಗಿರುವಾಗಲೇ ಮೇಲೆ ಥರ್ಮಲ್ ಶುರುವಾಗಿರುತ್ತದೆ. ವಾಯುವ್ಯದ ಕಡೆಗೆ ಆಲ್ಬ್ ಗೋಡೆಯ ಹಾಗೆ ಕಡಿದು ಇಳಿಯುತ್ತದೆ. ಹಾಗಾಗಿ ಆ ಕಡೆಯಿಂದ ಗಾಳಿ ಬೀಸಿದರೆ ಅಂಚಿನ ಮೇಲೂ ಎತ್ತುತ್ತದೆ. ನನ್ನ ಸುತ್ತು ಹೀಗಿತ್ತು: ಟೆಕ್‌ನಿಂದ ನೈಋತ್ಯಕ್ಕೆ ಕ್ಲಿಪ್ಪೆನೆಕ್, ಅಲ್ಲಿಂದ ತಿರುಗಿ ಇಡೀ ಆಲ್ಬ್ ಉದ್ದಕ್ಕೆ ಈಶಾನ್ಯದ ನೋರ್ಡ್ಲಿಂಗನ್, ಅಲ್ಲಿಂದ ವಾಪಸ್. ಒಟ್ಟು 308 ಕಿ.ಮೀ.

ಇನ್ನು ಲಾಗ್ ಅಂದರೆ ಏನು ಅಂತ. ಗ್ಲೈಡರ್‌ನಲ್ಲಿ ಜಿಪಿಎಸ್ ಇರೋ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಅದು ಒಂದು ಸಾಲು ಬರೆಯುತ್ತದೆ. ಫೈಲಿನ ಹೆಸರಿನ ಕೊನೆಗೆ ಐಜಿಸಿ ಅಂತ ಇರುತ್ತದೆ, ಅಂತರರಾಷ್ಟ್ರೀಯ ಗ್ಲೈಡಿಂಗ್ ಕಮಿಷನ್‌ನ ಮೊದಲಕ್ಷರಗಳು, 1990ರ ದಶಕದಲ್ಲಿ ಅವರೇ ನಿಗದಿ ಮಾಡಿದ ರೂಪ. ಒಳಗಿರೋದು ಬರೀ ಅಕ್ಷರ ಮತ್ತು ಅಂಕಿ, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಒಂದು ಸಾಲು ಹೀಗಿರುತ್ತದೆ: ಮೊದಲಿಗೆ ಬಿ ಅನ್ನೋ ಅಕ್ಷರ, ಆಮೇಲೆ 112205, ಆಮೇಲೆ 4823410, 00901250, ಕೊನೆಗೆ 01184 ಮತ್ತು 01263. ಅಂದರೆ 11 ಗಂಟೆ 22 ನಿಮಿಷ 5 ಸೆಕೆಂಡ್, ಉತ್ತರ ಅಕ್ಷಾಂಶ 48 ಡಿಗ್ರಿ 23.410 ನಿಮಿಷ, ಪೂರ್ವ ರೇಖಾಂಶ 9 ಡಿಗ್ರಿ 1.250 ನಿಮಿಷ, ಒತ್ತಡದಿಂದ ಲೆಕ್ಕ ಹಾಕಿದ ಎತ್ತರ 1,184 ಮೀಟರ್, ಜಿಪಿಎಸ್ ಹೇಳಿದ ಎತ್ತರ 1,263 ಮೀಟರ್. ಕೊನೆಯಲ್ಲಿ ಒಂದು ಗುಪ್ತ ಸಹಿ ಇರುತ್ತದೆ, ಯಾರಾದರೂ ಮಧ್ಯೆ ಒಂದು ಅಂಕಿ ತಿದ್ದಿದರೂ ಅದು ಹಿಡಿದುಬಿಡುತ್ತದೆ. ಪೈಲಟ್‌ಗಳು ಸಂಜೆ ಇದನ್ನ ಓಎಲ್‌ಸಿ, ವಿಗ್ಲೈಡ್‌ನಂಥ ವೆಬ್‌ಸೈಟಿಗೆ ಹಾಕುತ್ತಾರೆ. ಹಾಕಿದ ಮೇಲೆ ಯಾರು ಬೇಕಾದರೂ ನೋಡಬಹುದು. ಗೆದ್ದವರ ಹಾರಾಟವೂ ಅಲ್ಲಿರುತ್ತದೆ, ಹೊಲದಲ್ಲಿ ಇಳಿದವರದ್ದೂ ಇರುತ್ತದೆ. ಇಂಥ ಔದಾರ್ಯ ಬೇರೆ ಯಾವ ಆಟದಲ್ಲಿ ಇದೆಯೋ, ನಾನಂತೂ ನೋಡಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಶುರು ಮಾಡುವವರಿಗೆ ಬೇಕಾಗುತ್ತದೆ. ಫೈಲಿನಲ್ಲಿರೋ ಸಮಯ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ಜರ್ಮನಿಯ ಬೇಸಿಗೆ ಸಮಯಕ್ಕಿಂತ ಎರಡು ಗಂಟೆ ಹಿಂದೆ. ನಾನು ಮೊದಮೊದಲು ಫೈಲುಗಳನ್ನ ಹಾಗೆ ಸುಮ್ನೆ ತೆರೆದು ಓದುತ್ತಿದ್ದಾಗ ಇದನ್ನ ಗಮನಿಸಿರಲಿಲ್ಲ. ಅನುಭವಿಗಳೆಲ್ಲ ಬೆಳಗ್ಗೆ ಒಂಬತ್ತಕ್ಕೇ ಹೊರಡುತ್ತಾರೆ, ಆಗಲೇ ಅವರಿಗೆ ಥರ್ಮಲ್ ಸಿಗುತ್ತದೆ ಅಂದುಕೊಂಡು ಒಂದಿಡೀ ತಿಂಗಳು ತಪ್ಪು ಪಾಠ ಕಲಿತೆ. ಎತ್ತರವೂ ಅಷ್ಟೇ, ಅದು ಸಮುದ್ರಮಟ್ಟದ ಲೆಕ್ಕ. 1,000 ಮೀಟರ್ ಅಂತ ನೋಡಿ ಆರಾಮಾಗಿದ್ದಾರೆ ಅಂದುಕೊಳ್ಳುತ್ತೀರಿ, ಕೆಳಗಿನ ಬಯಲೇ 650 ಮೀಟರ್ ಇರುತ್ತದೆ.

ನಮ್ಮ ಕ್ಲಬ್ಬಿನ ಹಿರಿಯ ತರಬೇತುದಾರರನ್ನ ನಾನು ಮನಸ್ಸಿನಲ್ಲಿ ಮೇಷ್ಟ್ರು ಅಂತಲೇ ಕರೆಯೋದು. ಎಪ್ಪತ್ತು ದಾಟಿದೆ. ಅವರ ಮನೆಯಲ್ಲಿ ವಿಂಟರ್ ಅನ್ನೋ ಕಂಪನಿಯ ಒಂದು ಹಳೆಯ ಬ್ಯಾರೋಗ್ರಾಫ್ ಇದೆ, ಇದೇ ಆಲ್ಬ್‌ನ ಯುಂಗಿಂಗನ್ ಅನ್ನೋ ಊರಿನಲ್ಲಿ ತಯಾರಾದದ್ದು. ತಿರುಗೋ ಡ್ರಮ್ಮಿಗೆ ಹೊಗೆಯ ಮಸಿ ಹಿಡಿಸಿದ ಹಾಳೆ ಸುತ್ತಬೇಕು. ಹಾರುವಾಗ ಒಂದು ಸೂಜಿ ಮಸಿ ಕೆರೆಯುತ್ತಾ ಎತ್ತರದ ಗೆರೆ ಬರೆಯುತ್ತದೆ. ಇಳಿದ ಮೇಲೆ ಅದು ಅಳಿಸದ ಹಾಗೆ ಮೇಲೆ ಅರಗಿನ ಸ್ಪ್ರೇ ಹೊಡೆಯಬೇಕು. ತಿರುವಿನ ಜಾಗಕ್ಕೆ ಹೋಗಿದ್ದೆ ಅನ್ನೋದಕ್ಕೆ ಕ್ಯಾಮೆರಾದಲ್ಲಿ ಫೋಟೋ. ಅವರ ಕಾಲದಲ್ಲಿ ಅಷ್ಟೇ ಸಾಕ್ಷಿ. 1972ರ ಏಪ್ರಿಲ್ 25ರಂದು ಹಾನ್ಸ್ ವೆರ್ನರ್ ಗ್ರೋಸ್ಸ ಉತ್ತರದ ಲ್ಯೂಬೆಕ್‌ನಿಂದ ಫ್ರಾನ್ಸಿನ ಬಿಯಾರಿಟ್ಸ್‌ವರೆಗೆ 1,460 ಕಿ.ಮೀ. ಹಾರಿದಾಗಲೂ ಜಿಪಿಎಸ್ ಗೆರೆ ಅನ್ನೋದು ಇರಲಿಲ್ಲ. ಮೇಷ್ಟ್ರು ಒಂದು ಮಸಿ ಹಾಳೆ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದರೆ ಕಂದು ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ, ಏರು, ಇಳಿ, ಏರು, ಇಳಿ. ಎಲ್ಲಿ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. "ಎಲ್ಲಿ ಅಂತ ಗೊತ್ತಾಗಬೇಕಾದರೆ ಆ ಮನುಷ್ಯನನ್ನೇ ಕೇಳಬೇಕಿತ್ತು," ಅಂದರು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ.

ಯಾಕೆಂದರೆ ನಾನು ಆಗ ಎಲ್ಲಿ ಅನ್ನೋದರ ಹಿಂದೆಯೇ ಬಿದ್ದಿದ್ದೆ. ಆ ಹೊಲದಲ್ಲಿ ಇಳಿಯೋದಕ್ಕೂ ಹಿಂದಿನ ಚಳಿಗಾಲ ಪೂರ್ತಿ ದೊಡ್ಡ ದೊಡ್ಡ ಹಾರಾಟಗಳ ಲಾಗ್ ತೆಗೆದು, ಗೆರೆ ಎಲ್ಲೆಲ್ಲಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿದೆಯೋ ಅಲ್ಲೆಲ್ಲ ನಕ್ಷೆಯಲ್ಲಿ ಗುರುತು ಹಾಕಿದೆ. ಅರವತ್ತಕ್ಕೂ ಜಾಸ್ತಿ ಗುರುತು. ಇಲ್ಲಿ ಥರ್ಮಲ್ ಇದೆ, ಇಲ್ಲಿ ಇದೆ, ಇಲ್ಲೂ ಇದೆ. ನಿಧಿಯ ನಕ್ಷೆ ಸಿಕ್ಕ ಹಾಗಾಗಿತ್ತು. ಬೇಸಿಗೆಯಲ್ಲಿ ಆ ಗುರುತಿನಿಂದ ಈ ಗುರುತಿಗೆ ಹಾರಲು ನೋಡಿದೆ. ಕೆಲವು ಸಲ ಸಿಕ್ಕಿತು, ಬಹಳ ಸಲ ಸಿಗಲಿಲ್ಲ. ಪೂರ್ವದ ಗಾಳಿ ಇದ್ದ ದಿನ ಒಂದು ಗುಡ್ಡದ ಹಿಂದೆ ಎದ್ದ ಥರ್ಮಲ್ ಪಶ್ಚಿಮದ ಗಾಳಿಯ ದಿನ ಅಲ್ಲಿ ಯಾಕಿರುತ್ತದೆ? ಒಂದು ಥರ್ಮಲ್ಲಿನ ಆಯಸ್ಸೇ ಎಷ್ಟೋ ಸಲ ಕಾಲು ಗಂಟೆ, ಇಪ್ಪತ್ತು ನಿಮಿಷ. ನಾನು ಗುರುತು ಹಾಕಿದ್ದು ಹೋದ ವರ್ಷದ ಗಾಳಿಗೆ.

ಈಗ ಆ ರಾತ್ರಿಗೆ ವಾಪಸ್ ಬರುತ್ತೇನೆ. ಎರಡೂ ಫೈಲುಗಳನ್ನ ಸೀಯು ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಟ್ಟಿಗೆ ಹಾಕಿದೆ. ಮೊದಲು ಬರೀ ಅಂಕಿ ನೋಡಿದೆ. ಅವರು ನಾಲ್ಕು ಗಂಟೆಯಲ್ಲಿ 308 ಕಿ.ಮೀ. ಮುಗಿಸಿದ್ದರು, ಗಂಟೆಗೆ 77. ನಾನು ನಾಲ್ಕು ಗಂಟೆ ಐದು ನಿಮಿಷದಲ್ಲಿ 200, ಗಂಟೆಗೆ 49. ಅವರು ಥರ್ಮಲ್‌ಗಳಲ್ಲಿ ಸುತ್ತುವುದರಲ್ಲಿ ಕಳೆದದ್ದು ಒಟ್ಟು ಸಮಯದ 29 ಪರ್ಸೆಂಟ್. ನಾನು 47. ಅವರು ಸುತ್ತಲು ನಿಂತದ್ದು 14 ಸಲ. ನಾನು 31 ಸಲ.

31 ಅನ್ನೋದನ್ನ ನೋಡಿ ನಂಬಲಾಗಲಿಲ್ಲ. ನನ್ನ ನೆನಪಿನಲ್ಲಿ ಹದಿನೈದೋ ಹದಿನಾರೋ ಅಷ್ಟೇ ಇದ್ದವು. ಒಂದೊಂದನ್ನೇ ತೆಗೆದು ಒಂದು ಕಾಗದದ ಮೇಲೆ ಬರೆದೆ: ಮೊದಲ ತಿರುವಿನ ಸಮಯ, ಬಿಟ್ಟ ಸಮಯ, ಗಳಿಸಿದ ಎತ್ತರ. ಬೆಳಗಿನ ಜಾವ ಮೂರೂವರೆ ಆಗಿತ್ತು, ಪಟ್ಟಿ ಮುಗಿದಾಗ. 31ರಲ್ಲಿ 13 ಸಲ ನಾನು ಗಳಿಸಿದ್ದು 100 ಮೀಟರ್‌ಗಿಂತ ಕಡಿಮೆ. ಕೆಲವೆಡೆ ಕಳೆದುಕೊಂಡಿದ್ದೆ ಕೂಡ. ಆ 13 ಕಡೆ ಹೋದ ಸಮಯ ಕೂಡಿದರೆ 34 ನಿಮಿಷ. ಆ ದಿನ ನಾಲ್ಕೂವರೆ ಹೊತ್ತಿಗೆ ಪಶ್ಚಿಮದಿಂದ ಎತ್ತರದ ತೆಳು ಮೋಡ ಬಂದು ಬಿಸಿಲು ಮಂಕಾಯಿತು, ಥರ್ಮಲ್‌ಗಳು ಸತ್ತವು, ನಾನು ಇಳಿದೆ. 34 ನಿಮಿಷ ಮುಂಚೆ ಇದ್ದಿದ್ದರೆ ಆ ಮೋಡದ ನೆರಳು ನನ್ನನ್ನ ಹಿಡಿಯೋ ಹೊತ್ತಿಗೆ ನಾನು ಬಹಳ ಮುಂದಿರುತ್ತಿದ್ದೆ. ನಾನು ಅಲ್ಲಿಯವರೆಗೆ ಹವಾಮಾನ ಕೈಕೊಟ್ಟಿತು ಅಂತಲೇ ನಂಬಿದ್ದೆ.

ಮಾರನೆಯ ವಾರ ಮೇಷ್ಟ್ರಿಗೆ ಎರಡು ಗೆರೆಗಳನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಒಂದೇ ಮಾತು ಹೇಳಿದರು: "ಎಲ್ಲಿ ತಿರುಗಿದರು ಅಂತ ನೋಡ್ತಾ ಇದ್ದೀಯ. ಎಲ್ಲಿ ತಿರುಗಲಿಲ್ಲ ಅಂತ ನೋಡು."

ಇದನ್ನ ಹತ್ತಿರದಿಂದ ತೋರಿಸಬೇಕು. ಮೋಸಿಂಗನ್ ಊರಿನ ಪಕ್ಕ ಆಲ್ಬ್ ಅಂಚಿನಲ್ಲಿ ಒಂದು ಜಾಗ. 1983ರಲ್ಲಿ ಅಲ್ಲಿ ಗುಡ್ಡದ ದೊಡ್ಡ ಭಾಗ ಕುಸಿದಿತ್ತು. ಅವರು ಅಲ್ಲಿ ಹಾದದ್ದು ಮಧ್ಯಾಹ್ನ 1:22ಕ್ಕೆ, ನಾನು 1:40ಕ್ಕೆ. ಇಬ್ಬರಿಗೂ ಅಲ್ಲಿ ಗಾಳಿ ಮೇಲಕ್ಕೆ ಒದ್ದಿದೆ. ಸಾಲು ಸಾಲಾಗಿ ಓದಿದರೆ ಅವರ ವೇಗ ಗಂಟೆಗೆ 130ರಿಂದ ಮೆಲ್ಲಗೆ 95ಕ್ಕೆ ಇಳಿಯುತ್ತದೆ. ಎತ್ತರ 1,124, 1,141, 1,163, 1,184 ಅಂತ ಏರುತ್ತದೆ. ದಿಕ್ಕು ಮಾತ್ರ ಬದಲಾಗೋದೇ ಇಲ್ಲ. ಮೂಗು ಎತ್ತಿದ್ದಾರೆ, ಮೇಲೇಳುವ ಗಾಳಿಯಲ್ಲಿ ನಿಧಾನವಾಗಿ ಹಾದಿದ್ದಾರೆ, ಅದು ಮುಗಿದ ತಕ್ಷಣ ಮೂಗು ಇಳಿಸಿ ಮತ್ತೆ 130. ಅರವತ್ತು ಮೀಟರ್ ಪುಕ್ಕಟೆ, ನಿಲ್ಲದೆ. ನನ್ನ ಗೆರೆ ಅದೇ ಜಾಗದಲ್ಲಿ ಚಕ್ಕುಲಿ. ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಅರ್ಧ ಏರಿ ಅರ್ಧ ಇಳಿದಿದ್ದೇನೆ, ಎರಡನೆಯದರಲ್ಲಿ ಬಲಕ್ಕೆ ಸರಿದಿದ್ದೇನೆ, ಮೂರನೆಯದರಲ್ಲಿ ಇನ್ನೂ ಬಲಕ್ಕೆ, ನಾಲ್ಕನೆಯದು ಬರೀ ಬೇಸರ. ಎರಡು ನಿಮಿಷದಲ್ಲಿ 40 ಮೀಟರ್. ಅಲ್ಲಿಂದ ಐದು ಕಿ.ಮೀ. ಮುಂದೆ, ಹೊಹೆನ್‌ಝೋಲರ್ನ್ ಕೋಟೆಯ ಕಡೆಗೆ, ಕರಿ ತಳದ ಒಂದು ಒಳ್ಳೆಯ ಮೋಡ, ಅಂದರೆ ಕೆಳಗೆ ಥರ್ಮಲ್ ಇರೋ ಗುರುತು, ಇದ್ದದ್ದು ನನಗೂ ಕಂಡಿತ್ತು. ಅವರು ಅದರ ಕೆಳಗೆ ಹೋಗಿ ಸೆಕೆಂಡಿಗೆ 2.3 ಮೀಟರ್ ಲೆಕ್ಕದಲ್ಲಿ ಏರಿದ್ದಾರೆ.

ಬೆಂಗಳೂರಿನಿಂದ ಮೈಸೂರಿಗೆ ಹೊರಟವನು ಮದ್ದೂರಿನಲ್ಲಿ ವಡೆ ತಿನ್ನಬೇಕು ಅಂತ ನಿರ್ಧಾರ ಮಾಡಿದ್ದರೆ ದಾರಿಯಲ್ಲಿ ಕಂಡ ಕಂಡ ಹೋಟೆಲ್ ಮುಂದೆಲ್ಲ ಗಾಡಿ ನಿಲ್ಲಿಸೋದಿಲ್ಲ, ಅಲ್ವಾ? ಆದರೆ ಮುಂದೆ ಮದ್ದೂರು ಇದೆ ಅನ್ನೋ ನಂಬಿಕೆ ಬೇಕು. ನನಗೆ ಆ ನಂಬಿಕೆ ಇರಲಿಲ್ಲ. ಸಿಕ್ಕಿದ್ದನ್ನ ಬಿಟ್ಟರೆ ಇನ್ನೇನೂ ಸಿಗೋದಿಲ್ಲ ಅನ್ನೋ ಭಯದಲ್ಲಿ 31 ಸಲ ನಿಂತಿದ್ದೆ. ಇದರ ಗಣಿತ ಹಳೆಯದು. 1956ರ ವಿಶ್ವ ಚಾಂಪಿಯನ್, ಅಮೆರಿಕದ ಪಾಲ್ ಮೆಕ್‌ಕ್ರೆಡಿಯ ಹೆಸರಿನಲ್ಲೇ ಅದು ಪ್ರಸಿದ್ಧ: ಮುಂದಿನ ಥರ್ಮಲ್ ಎಷ್ಟು ಬಲವಾಗಿರುತ್ತದೆ ಅಂತ ಅಂದಾಜು ಮಾಡು, ಅದಕ್ಕಿಂತ ಕಡಿಮೆ ಕೊಡೋದರಲ್ಲಿ ನಿಲ್ಲಬೇಡ, ನೇರ ಹಾರುವ ವೇಗವನ್ನೂ ಅದರ ಪ್ರಕಾರ ಇಟ್ಟುಕೋ. ಲೈಸೆನ್ಸ್ ಪರೀಕ್ಷೆಗೆ ನಾನಿದನ್ನ ಓದಿ ಬರೆದಿದ್ದೆ. ಆದರೆ ನನ್ನದೇ ಗೆರೆಯಲ್ಲಿ ಅದು ಎಲ್ಲಿ ಮುರಿದಿದೆ ಅಂತ ನೋಡುವ ತನಕ ಅದು ಬರೀ ಸೂತ್ರ.

ಇನ್ನೂ ಎರಡು ವಿಷಯ ಆ ಫೈಲುಗಳಿಂದ ಬಂದವು, ನಾನು ಹುಡುಕದೇ ಇದ್ದವು.

ಒಂದು, ಸುತ್ತಿನ ಅವಧಿ. ಲಾಗ್‌ನಲ್ಲಿ ಗ್ಲೈಡರ್ ಎಷ್ಟು ವಾಲಿದೆ ಅನ್ನೋದು ಬರೆದಿರೋದಿಲ್ಲ. ಆದರೆ ಒಂದು ಪೂರ್ತಿ ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಎಣಿಸಬಹುದು. ಅವರದ್ದು 19, ನನ್ನದು 28. ಒಂದೇ ವೇಗದಲ್ಲಿ, ಗಂಟೆಗೆ 95 ಅಂತ ಇಟ್ಟುಕೊಂಡರೆ, 19 ಸೆಕೆಂಡ್ ಅಂದರೆ ಸುಮಾರು 40 ಡಿಗ್ರಿ ವಾಲಿಸಿದ್ದಾರೆ ಅಂತ. ನಾನು 30. ಅವರು ಮಧ್ಯದಿಂದ 80 ಮೀಟರ್ ದೂರದಲ್ಲಿ ಸುತ್ತುತ್ತಿದ್ದರೆ ನಾನು 120 ಮೀಟರ್ ಆಚೆ. ಥರ್ಮಲ್‌ನ ಬಲ ಇರೋದೇ ನಡುವಿನಲ್ಲಿ. ನಾನು ಒಲೆಯ ಅಂಚಿನಲ್ಲಿ ಪಾತ್ರೆ ಇಟ್ಟು ಕುದಿಯಲಿಲ್ಲ ಅಂತಿದ್ದೆ. ಅವರ ಸರಾಸರಿ ಏರಿಕೆ ಸೆಕೆಂಡಿಗೆ 1.7 ಮೀಟರ್, ನನ್ನದು 1.1. ನನ್ನ ವೇರಿಯೋ, ಅಂದರೆ ಏರುವ ವೇಗ ತೋರಿಸೋ ಮೀಟರ್, ಎಷ್ಟೋ ಸಲ 2 ತೋರಿಸಿದ್ದು ನೆನಪಿದೆ, ಆದರೆ ಅದು ಸುತ್ತಿನ ಒಂದು ಬದಿಯಲ್ಲಿ ಮಾತ್ರ. ಮೊದಲ ತಿರುವಿನಿಂದ ಬಿಡುವ ತನಕದ ಎತ್ತರವನ್ನ ಒಟ್ಟು ಸಮಯದಿಂದ ಭಾಗಿಸಿ ನೋಡಿದರೆ ಮಾತ್ರ ನಿಜ ಹೊರಗೆ ಬರುತ್ತದೆ.

ಎರಡು, ನೇರ ಹಾರುವಾಗ ಕಳೆದುಕೊಂಡ ಎತ್ತರ. ಎಲ್‌ಎಸ್4 ನಿಂತ ಗಾಳಿಯಲ್ಲಿ 1 ಕಿ.ಮೀ. ಎತ್ತರದಿಂದ ಸುಮಾರು 40 ಕಿ.ಮೀ. ಜಾರಬಲ್ಲದು. ನಾನು ಏರಿದ ಒಟ್ಟು ಎತ್ತರ 7,600 ಮೀಟರ್, ಹೋದದ್ದು 200 ಕಿ.ಮೀ., ಅಂದರೆ 1ಕ್ಕೆ 26. ಅವರು ಏರಿದ್ದು ನನಗಿಂತ ಕಡಿಮೆ, 7,100. ಹೋದದ್ದು 308. 1ಕ್ಕೆ 43. ತಯಾರಕರು ಹೇಳಿದ್ದಕ್ಕಿಂತಲೂ ಜಾಸ್ತಿ! ಮ್ಯಾಜಿಕ್ ಏನಿಲ್ಲ. ಅವರ ಗೆರೆ ನನ್ನದರ ಹಾಗೆ ರೂಲರ್ ಇಟ್ಟು ಎಳೆದದ್ದಲ್ಲ. ಹತ್ತು ಡಿಗ್ರಿ ಎಡಕ್ಕೆ, ಹದಿನೈದು ಬಲಕ್ಕೆ, ಮೋಡದಿಂದ ಮೋಡಕ್ಕೆ ಹಾವಿನ ಹಾಗೆ ಹರಿದಿದೆ. ದಾರಿ ಸ್ವಲ್ಪ ಉದ್ದ ಆದರೂ ಏಳುವ ಗಾಳಿಯಲ್ಲೇ ಜಾಸ್ತಿ ಹೊತ್ತು ಇದ್ದಾರೆ. ನಾನು ನೀಲಿ ಆಕಾಶದ ಅಡಿಯಲ್ಲಿ, ಇಳಿಯುವ ಗಾಳಿಯಲ್ಲಿ, ಅತಿ ಹತ್ತಿರದ ದಾರಿ ಹಿಡಿದಿದ್ದೆ.

ಇಷ್ಟಾದ ಮೇಲೆ ಧೈರ್ಯ ಮಾಡಿ ಅವರಿಗೆ ಒಂದು ಮೇಲ್ ಬರೆದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಅರವತ್ತರ ಆಸುಪಾಸಿನ ಹೆಂಗಸು, ಮೂವತ್ತೈದು ವರ್ಷದಿಂದ ಹಾರುತ್ತಿದ್ದಾರೆ. ಇಲ್ಲಿ ಹಾರುವವರೆಲ್ಲ ಒಬ್ಬರಿಗೊಬ್ಬರು ದು ಅನ್ನುತ್ತಾರೆ, ಅಂದರೆ ನೀನು. ಬಾಯಲ್ಲಿ ನಾನೂ ಹಾಗೇ ಅಂದೆ, ಮನಸ್ಸಿನಲ್ಲಿ ಮಾತ್ರ ನೀವು ಅಂತಲೇ ಇತ್ತು. ನಾನು ಬರೆದಿಟ್ಟ ಪ್ರಶ್ನೆಗಳ ಪಟ್ಟಿ ತೆಗೆದೆ.

ಗೈಸ್ಲಿಂಗನ್ ದಾಟಿದ ಮೇಲೆ 22 ಕಿ.ಮೀ. ಒಂದೇ ಒಂದು ಸುತ್ತೂ ಹಾಕದೆ ಹೋಗಿದ್ದರಲ್ಲ, ಮಧ್ಯೆ ಒಂದು ಕಡೆ ಸಟ್ಟನೆ 400 ಮೀಟರ್ ಎಡಕ್ಕೆ ಸರಿದು ಸರಿಯಾಗಿ ಗಾಳಿ ಹಿಡಿದಿದ್ದಾರೆ. ಅದನ್ನ ನಾನು ನಕ್ಷೆಯಲ್ಲಿ ದೊಡ್ಡದಾಗಿ ಗುರುತು ಮಾಡಿ, ಕೆಳಗೆ ಕಲ್ಲಿನ ಗಣಿ ಇದೆಯಾ, ಕಾಡಿನ ಅಂಚಿದೆಯಾ ಅಂತೆಲ್ಲ ತಲೆ ಕೆಡಿಸಿಕೊಂಡಿದ್ದೆ. ಅವರು ಹೇಳಿದರು, "ನನ್ನ ಮುಂದೆ ಎರಡು ಗ್ಲೈಡರ್ ಹೋಗ್ತಾ ಇದ್ದವು. ಎಡಗಡೆಯದು ಮೇಲೆದ್ದಿದ್ದು ಕಾಣಿಸಿತು. ಅಲ್ಲಿಗೆ ಹೋದೆ." ಅಷ್ಟೇ. ಲಾಗ್‌ನಲ್ಲಿ ಅವರೊಬ್ಬರೇ ಇರೋದು. ಆಕಾಶದಲ್ಲಿ ಅವರು ಒಬ್ಬರೇ ಇರಲಿಲ್ಲ.

ಎರಡನೆಯ ಪ್ರಶ್ನೆ ನೋರ್ಡ್ಲಿಂಗನ್ ಹತ್ತಿರದ್ದು. ಅಲ್ಲಿ ಅವರು ನೆಲದಿಂದ 350 ಮೀಟರ್ ತನಕ ಇಳಿದಿದ್ದರು. ಅಲ್ಲಿಂದ ಸೆಕೆಂಡಿಗೆ 2.4 ಮೀಟರ್ ಲೆಕ್ಕದಲ್ಲಿ ನೇರ ಮೋಡದ ತಳಕ್ಕೆ. ನನ್ನ ಟಿಪ್ಪಣಿಯಲ್ಲಿ ನಾನು ಅದಕ್ಕೆ "ಧೈರ್ಯ" ಅಂತ ಬರೆದು ಅಡಿಗೆರೆ ಎಳೆದಿದ್ದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಅಂದರು: "ನಾನು ಅಲ್ಲಿಗೆ ಬರೋ ಹೊತ್ತಿಗೆ ಹೊಲ ಆರಿಸಿ ಆಗಿತ್ತು. ಚಕ್ರ ಕೆಳಗೆ ಬಿಟ್ಟಾಗಿತ್ತು. ಇಳಿಯೋಕೆ ತಿರುಗಿದಾಗ ಗಾಳಿ ಸಿಕ್ಕಿತು. ನನ್ನಿಂದ ಏನು ಬೇಕಾದರೂ ಕಲಿ, ಅದೊಂದನ್ನ ಕಲಿಯಬೇಡ. ಕಲಿಯೋದಿದ್ದರೆ ಅದಕ್ಕಿಂತ ಹತ್ತು ನಿಮಿಷ ಹಿಂದೆ ಹೋಗು, ನಾನು ಎಲ್ಲಿ ತಪ್ಪು ಮಾಡಿ ಅಷ್ಟು ಕೆಳಗೆ ಬಂದೆ ಅಂತ ನೋಡು."

ಹಿಂದೆ ಹೋಗಿ ನೋಡಿದೆ. ಒಂದು ಒಳ್ಳೆಯ ಥರ್ಮಲ್ ಅನ್ನ ಮೋಡದ ತಳಕ್ಕೆ 400 ಮೀಟರ್ ಬಾಕಿ ಇರುವಾಗಲೇ ಬಿಟ್ಟು ಅವಸರದಲ್ಲಿ ಹೊರಟಿದ್ದರು.

ಚಕ್ರ ಕೆಳಗಿತ್ತು ಅನ್ನೋ ಸಾಲು ಐಜಿಸಿ ಫೈಲಿನಲ್ಲಿ ಇಲ್ಲ. ಅವರು ಹೇಳದೇ ಇದ್ದಿದ್ದರೆ, ಅಂದರೆ ನಾನು ಕೇಳದೇ ಇದ್ದಿದ್ದರೆ, ಮುಂದಿನ ಬೇಸಿಗೆಯಲ್ಲಿ ನಾನು ಎಲ್ಲೋ ಒಂದು ಕಡೆ ಹೊಲವನ್ನೂ ನೋಡದೆ 350 ಮೀಟರ್‌ಗೆ ಇಳಿದು ಕಾಯುತ್ತಿದ್ದೆನೋ ಏನೋ. ಈ ಬರಹ ಓದಿ ಯಾರಾದರೂ ಬೇರೆಯವರ ಲಾಗ್ ತೆರೆದು ಕೂತರೆ ದಯವಿಟ್ಟು ಇದನ್ನ ನೆನಪಿಟ್ಟುಕೊಳ್ಳಿ: ಕೆಳಗೆ ಇಳಿದು ಬಚಾವಾದ ಜಾಗಗಳು ಗೆರೆಯಲ್ಲಿ ಬಹಳ ಚಂದ ಕಾಣುತ್ತವೆ. ಆಲ್ಬ್ ಅಂಚಿನ ಕೆಲವು ಕಣಿವೆಗಳಲ್ಲಿ ಇಳಿಯಲು ಒಂದು ನೆಟ್ಟಗಿನ ಹೊಲ ಕೂಡ ಇಲ್ಲ.

ಆ ಬೇಸಿಗೆಯ ನಂತರದ ಚಳಿಗಾಲದಲ್ಲಿ ನಾನು ಲಾಗ್ ನೋಡುವ ರೀತಿ ಪೂರ್ತಿ ಬದಲಾಯಿತು. ಅರವತ್ತು ಗುರುತುಗಳನ್ನ ಅಳಿಸಿದೆ. ದಾಖಲೆ ಮಾಡಿದವರ ಹಾರಾಟ ನೋಡೋದು ಬಿಟ್ಟೆ. 1,000 ಕಿ.ಮೀ. ಹಾರುವವರು ನನಗಿಂತ ಎಷ್ಟೋ ಮುಂದೆ, ಅವರ ಗೆರೆ ನನಗೆ ಓದಲು ಬರದ ಭಾಷೆ. ನಾನು ಹಾರಿದ ದಿನವೇ, ನನ್ನ ಆಸುಪಾಸಿನಲ್ಲಿ, ಅದೇ ದರ್ಜೆಯ ಗ್ಲೈಡರ್‌ನಲ್ಲಿ, ನನಗಿಂತ ಒಂದಿಷ್ಟು ವೇಗವಾಗಿ ಹಾರಿದವರ ಫೈಲುಗಳನ್ನ ಮಾತ್ರ ಇಟ್ಟುಕೊಂಡೆ. ಆ ದಿನದ ಆಕಾಶ ನನಗೆ ನೆನಪಿರುತ್ತದಲ್ಲ, ಅದು ಬಹಳ ಮುಖ್ಯ. ಹಾರಿ ಬಂದ ರಾತ್ರಿಯೇ ಮೋಡ ಹೇಗಿತ್ತು, ಗಾಳಿ ಎತ್ತ ಕಡೆಯಿಂದ ಅಂತ ನಾಲ್ಕು ಸಾಲು ಬರೆದಿಡಲು ಶುರು ಮಾಡಿದೆ. ಗಾಳಿಯನ್ನ ಲಾಗ್‌ನಿಂದಲೂ ತಿಳಿಯಬಹುದು, ಸುತ್ತುಗಳು ಯಾವ ಕಡೆಗೆ ಸರಿದಿವೆ ಅಂತ ನೋಡಿದರೆ ಸಾಕು.

ಆಮೇಲೆ ಒಂದು ಅಭ್ಯಾಸ. ಅವರ ಹಾರಾಟವನ್ನ ಪರದೆಯ ಮೇಲೆ ಓಡಿಸೋದು, ಗಾಳಿ ಮೇಲೆತ್ತಿದ ಕಡೆಯಲ್ಲೆಲ್ಲ ತಕ್ಷಣ ನಿಲ್ಲಿಸೋದು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯೋದು. ಆಮೇಲೆ ಮುಂದಕ್ಕೆ ಓಡಿಸೋದು. ನವೆಂಬರ್‌ನಲ್ಲಿ ಹತ್ತಕ್ಕೆ ಏಳು ಸಲ ನಾನು "ತಿರುಗುತ್ತೇನೆ" ಅಂತ ಬರೆದಿದ್ದೆ, ಅವರು ತಿರುಗಿರಲಿಲ್ಲ. ಮಾರ್ಚ್ ಹೊತ್ತಿಗೆ ಅರ್ಧಕ್ಕರ್ಧ ಹೊಂದಿಕೆಯಾಗತೊಡಗಿತು. ಹೊಂದದ ಕಡೆಯಲ್ಲೇ ಜಾಸ್ತಿ ಹೊತ್ತು ಕೂತಿರುತ್ತಿದ್ದೆ. ಕೆಲವು ಸಲ ಅವರದ್ದೇ ತಪ್ಪು ಅಂತ ಗೊತ್ತಾಗುತ್ತಿತ್ತು, ಐದು ನಿಮಿಷದ ನಂತರ ಅವರು ತುಂಬಾ ಕೆಳಗಿರುತ್ತಿದ್ದರು. ಹೊಲದಲ್ಲಿ ಇಳಿದವರ ಫೈಲುಗಳನ್ನೂ ಸೇರಿಸಿಕೊಂಡೆ. ಬರೀ ಮನೆ ಸೇರಿದವರದ್ದನ್ನೇ ನೋಡಿದರೆ ಮಾಡಿದ್ದೆಲ್ಲ ಸರಿ ಅನ್ನಿಸಿಬಿಡುತ್ತದೆ.

ಮೇ ತಿಂಗಳಲ್ಲಿ ಒಂದು ಒಳ್ಳೆಯ ದಿನ ಸಿಕ್ಕಿತು. ಕಾಕ್‌ಪಿಟ್ ಅಂಚಿಗೆ ಒಂದು ಟೇಪ್ ಅಂಟಿಸಿ ಅದರ ಮೇಲೆ ಕನ್ನಡದಲ್ಲಿ "ಎರಡು ಸುತ್ತು" ಅಂತ ಬರೆದುಕೊಂಡೆ. ಎರಡು ಸುತ್ತಿನಲ್ಲಿ ಬಲ ಸಿಗದಿದ್ದರೆ ಬಿಟ್ಟು ಹೊರಡಬೇಕು ಅಂತ. ಕೆಳಗಿದ್ದಾಗ ಈ ನಿಯಮ ಇಲ್ಲ, ಆಗ ಸಿಕ್ಕಿದ್ದೇ ಪಂಚಾಮೃತ. ಮೇಲಿದ್ದಾಗ ಮಾತ್ರ. ಮೋಸಿಂಗನ್ ಅಂಚಿಗೆ ಬಂದಾಗ ಗಾಳಿ ಸೀಟಿನ ಕೆಳಗಿಂದ ಒದ್ದಿತು. ವೇರಿಯೋ ಕೂಗಿತು. ಕೈ ತಾನಾಗಿ ಎಡಕ್ಕೆ ಹೋಗಲು ನೋಡಿತು. ಮೂಗು ಎತ್ತಿದೆ, 95ಕ್ಕೆ ಇಳಿಸಿದೆ, ನೇರ ಹಿಡಿದೆ. ನಾಲ್ಕು ಸೆಕೆಂಡ್, ಆರು, ಎಂಟು. ವೇರಿಯೋ ಸುಮ್ಮನಾಯಿತು, ಮೂಗು ಇಳಿಸಿದೆ. ಬೆನ್ನು ಬೆವತಿತ್ತು. ಮುಂದೆ ಝೋಲರ್ನ್ ಕೋಟೆಯ ಆಚೆ ಒಂದು ಮೋಡ ಇತ್ತು, ಅದು ಕೊಟ್ಟಿತು.

ಅದೇ 308 ಕಿ.ಮೀ. ಸುತ್ತು ಮುಗಿಯಲು 4 ಗಂಟೆ 40 ನಿಮಿಷ ಹಿಡಿಯಿತು. ಗಂಟೆಗೆ 66. ನಿಂತದ್ದು 19 ಸಲ, ಅದರಲ್ಲಿ ಮೂರು ವ್ಯರ್ಥ. ಸುತ್ತುವುದರಲ್ಲಿ ಹೋದದ್ದು 36 ಪರ್ಸೆಂಟ್. ಒಂದು ಸುತ್ತಿಗೆ ಸರಾಸರಿ 22 ಸೆಕೆಂಡ್, ಇನ್ನೂ ಮೂರು ಸೆಕೆಂಡ್ ಇಳಿಸಬೇಕು. ಆ ರಾತ್ರಿ ಫೈಲ್ ಹಾಕಿ ಅವರಿಗೆ ಒಂದು ಸಾಲು ಬರೆದೆ. ಅವರು ಉತ್ತರದಲ್ಲಿ ನನ್ನ ಹದಿನೇಳನೆಯ ಚಕ್ಕುಲಿ ಯಾಕೆ ಬೇಕಿತ್ತು ಅಂತ ಕೇಳಿದ್ದರು. ಸರಿಯಾದ ಪ್ರಶ್ನೆ, ಅದು ಬೇಕಿರಲಿಲ್ಲ.

ಹೋದ ತಿಂಗಳು ಕ್ಲಬ್ಬಿನ ಹದಿನೇಳರ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಹ್ಯಾಂಗರ್‌ಗೆ ಬಂದ. ನನ್ನ ಮೇ ತಿಂಗಳ ಹಾರಾಟ ತೆರೆದಿದ್ದ. ಹೊಯ್‌ಬಾಖ್ ಊರಿನ ಹತ್ತಿರ ಗೆರೆ ಸುಮಾರು 300 ಮೀಟರ್ ಬಲಕ್ಕೆ ಬಾಗಿದೆ, ಅಲ್ಲೊಂದು ಒಳ್ಳೆಯ ಥರ್ಮಲ್ ಸಿಕ್ಕಿದೆ. ಕೆಳಗೆ ಬರೀ ಕಾಡು, ಏನೂ ವಿಶೇಷ ಇಲ್ಲ. ಅಲ್ಲಿಗೆ ಯಾಕೆ ಹೋದೆ, ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಲಾ ಅಂತ ಕೇಳಿದ. ಬೇಡ ಅಂದೆ. ಅಲ್ಲಿ ಒಂದು ಕೆಂಪು ಹದ್ದು ಸುತ್ತುತ್ತಿತ್ತು, ಇಲ್ಲಿನವರು ರೋಟ್‌ಮಿಲಾನ್ ಅನ್ನುತ್ತಾರಲ್ಲ, ಕವಲು ಬಾಲದ್ದು. ರೆಕ್ಕೆ ಬಡಿಯುತ್ತಿರಲಿಲ್ಲ.